ಬಸುವಿನ ಅಂಗಿಗಳ ಕೌದಿ

ಅಂಗಿಗಳನ್ನು ಕತ್ತರಿಸಿದವಳು ನಾನೇ. ಕಣ್ಣು ಮಂಜಾಗಿ ಆದದ್ದಲ್ಲ, ಮರೆವಿನಿಂದ ಆದದ್ದಲ್ಲ, ಯಾರೋ ತಪ್ಪು ಡಬ್ಬ ಕೈಗೆ ಕೊಟ್ಟು ಆದದ್ದೂ ಅಲ್ಲ. ನನ್ನ ಸೊಸೆ ಸುಜಾತಾ ಒಳ್ಳೆಯವಳು. ಸಿಕ್ಕವರಿಗೆಲ್ಲ “ಪಾಪ, ಅತ್ತೆಗೆ ಕಣ್ಣಿನ ಆಪರೇಷನ್ ಆಗಿತ್ತು, ಗೊತ್ತಾಗ್ಲಿಲ್ಲ” ಎಂದು ಹೇಳಿಕೊಂಡು ಬಂದಿದ್ದಾಳೆ. ಆಪರೇಷನ್ ಆದದ್ದು ನಿಜ. ಆದರೆ ಅದಾದ ಮೇಲೆ ದೀಪ ಹಾಕದೆಯೇ ಸೂಜಿಗೆ ದಾರ ಪೋಣಿಸುತ್ತೇನೆ. ಅವು ನನ್ನ ಮಗನ ಅಂಗಿಗಳೆಂದು ಗೊತ್ತಿತ್ತು. ಹಳೆಯವು ಎಂದು ಗೊತ್ತಿತ್ತು. ಹಳೆಯ ಅಂಗಿ ಇರುವುದೇ ಕತ್ತರಿಸುವುದಕ್ಕೆ ಎಂದೂ ಗೊತ್ತಿತ್ತು. ಗೊತ್ತಿರದೆ ಇದ್ದದ್ದು ಒಂದೇ: ಅವು ಅಂಗಿಗಳಲ್ಲ, ತೊಂಬತ್ತರ ದಶಕ.

ಕೌದಿ ಕಾಣದವರಿಗಾಗಿ ಒಂದು ಮಾತು. ನಮ್ಮ ಹುಬ್ಬಳ್ಳಿ ಕಡೆ ಬಟ್ಟೆ ಸಾಯುವುದಿಲ್ಲ. ಸೀರೆ ಹರಿದರೆ ಲಂಗ, ಲಂಗ ಹರಿದರೆ ಕೂಸಿನ ಕುಲಾಯಿ, ಅದೂ ಹರಿದರೆ ಕೌದಿ. ಮನೆಮಂದಿಯ ಹಳೆಯ ಬಟ್ಟೆಗಳನ್ನು ತುಂಡು ಮಾಡಿ, ತುಂಡಿಗೆ ತುಂಡು ಜೋಡಿಸಿ, ಒಳಗೆ ಎರಡು ಮೂರು ಮೆತ್ತನೆಯ ಸೀರೆ ಹಾಸಿ, ಅಂಚಿನಿಂದ ನಡುವಿನವರೆಗೆ ಕೈಯಲ್ಲೇ ಸಾಲು ಸಾಲಾಗಿ ಹೊಲಿಯುತ್ತಾ ಹೋದರೆ ಹೊದೆಯುವ ಕೌದಿಯಾಗುತ್ತದೆ. ಅಜ್ಜನ ಧೋತರ, ಅತ್ತೆಯ ಕುಪ್ಪಸ, ತೀರಿಹೋದ ಸೋದರಮಾವನ ಪಟ್ಟಾಪಟ್ಟಿ ಚಡ್ಡಿ, ಬದುಕಿದ್ದಾಗ ಮಾತು ಬಿಟ್ಟವರು ಕೂಡ ಅದರಲ್ಲಿ ಮೈಗೆ ಮೈ ಹತ್ತಿಸಿಕೊಂಡು ಇರುತ್ತಾರೆ. ಮನೆ ಬಿಟ್ಟು ದೂರ ಹೋಗುವ ಮಕ್ಕಳಿಗೆ ಒಂದು ಕೌದಿ ಕೊಟ್ಟು ಕಳಿಸುವುದು ನಮ್ಮವ್ವನ ಪದ್ಧತಿ. ನನಗೂ ಕೊಟ್ಟಿದ್ದಳು.

ಮೊಮ್ಮಗಳು ಮೈತ್ರಿಗೆ ಸ್ಯಾನ್ ಡಿಯೇಗೊದಲ್ಲಿ ಕಾಲೇಜು ಸಿಕ್ಕಿತು. ವಾಲ್‌ನಟ್ ಎಂಬ ಊರಿನ ನಮ್ಮ ಮನೆಯಿಂದ ಎರಡು ತಾಸಿನ ದಾರಿ, ಟ್ರಾಫಿಕ್ ಇದ್ದರೆ ಮೂರೂವರೆ. ಹಾಸ್ಟೆಲಿಗೆಂದು ಸುಜಾತಾ ಅಂಗಡಿಯಿಂದ ಮೋಡದಂಥ ಬಿಳಿಯ ಹೊದಿಕೆ ತಂದಳು. ಒಳಗೆ ಯಾವುದೋ ಹಕ್ಕಿಯ ಪುಕ್ಕ ತುಂಬಿದೆಯಂತೆ. ಗುರುತಿಲ್ಲದ ಹಕ್ಕಿಯ ಪುಕ್ಕ ಹೊದ್ದು ಮಲಗುವ ಗತಿ ನಮ್ಮ ಹುಡುಗಿಗೆ ಇನ್ನೂ ಬಂದಿಲ್ಲ ಎಂದುಕೊಂಡು ನಾನು ಹಳೆಯ ಬಟ್ಟೆ ಹುಡುಕತೊಡಗಿದೆ. ಹುಡುಕಿದರೆ ಏನಿದೆ? ಸುಜಾತಾ ವರ್ಷಕ್ಕೊಂದು ಸಲ ಕಪಾಟು ಖಾಲಿ ಮಾಡಿ, ಎಲ್ಲವನ್ನೂ ಚೀಲಕ್ಕೆ ತುಂಬಿ ದಾನ ಕೊಟ್ಟು ಬರುತ್ತಾಳೆ. ಅಮೆರಿಕದ ಮನೆಗಳಲ್ಲಿ ಎಲ್ಲ ಸಿಗುತ್ತದೆ, ಚಿಂದಿ ಬಟ್ಟೆ ಸಿಗುವುದಿಲ್ಲ. ಕಡೆಗೆ ಗರಾಜಿನಲ್ಲಿ, ನೀರು ಕಾಯಿಸುವ ಬಾಯ್ಲರಿನ ಹಿಂದೆ, ಟೇಪ್ ಸುತ್ತಿದ ಒಂದು ರಟ್ಟಿನ ಡಬ್ಬ ಸಿಕ್ಕಿತು. ಒಳಗೆ ತೋಳಿಲ್ಲದ ಬಾಸ್ಕೆಟ್‌ಬಾಲ್ ಅಂಗಿ ಏಳು, ಟೀ ಶರ್ಟ್ ಐದು. ನನಗೆ ನಿಧಿ ಸಿಕ್ಕಂತಾಯಿತು.

ಈ ನಿಧಿ ಎಲ್ಲಿಂದ ಬಂತೆಂದು ಹೇಳಬೇಕಾದರೆ ನಾನು ನಾವು ಮೊದಲು ಬಂದಿಳಿದ ಊರು ಬರ್ಬ್ಯಾಂಕಿಗೆ ಹೋಗಬೇಕು. ನಮ್ಮ ಮನೆಯವರು ಲೇತ್ ಮಷಿನ್ ಕೆಲಸದವರು. ಅಲ್ಲಿ ವಿಮಾನದ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಯೊಂದರಲ್ಲಿ ಅವರಿಗೆ ಕೆಲಸ ಸಿಕ್ಕಿ ನಾವು ಬಂದಾಗ ಬಸುವಿಗೆ ಹನ್ನೊಂದು ವರ್ಷ. ನಾಲ್ಕನೆಯ ಇಯತ್ತೆಯವರೆಗೆ ಓದಿದ ನನಗೆ ಇಲ್ಲಿ ಯಾರು ಏನು ಕೊಡುತ್ತಾರೆ? ಆದರೆ ಹೊಲಿಗೆ ಬರುತ್ತಿತ್ತು. ಇಸ್ತ್ರಿ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಕೂತು ಜನರ ಪ್ಯಾಂಟು ಗಿಡ್ಡ ಮಾಡುವುದು, ಅಂಗಿ ಸಣ್ಣ ಮಾಡುವುದು ನನ್ನ ಕೆಲಸವಾಯಿತು. ಅಮೆರಿಕವನ್ನು ನಾನು ನೋಡಿದ್ದು ಸೊಂಟದಿಂದ ಕೆಳಗೆ.

ಹಾಗಾಗಿ, ಬಸು ಹೈಸ್ಕೂಲಿಗೆ ಹೋಗುವಾಗ ಮೂವರು ತೂರಬಹುದಾದ ಒಂದು ಜೀನ್ಸ್ ಕೊಂಡು ತಂದಾಗ ನನಗೆ ಮರುಕವಾಯಿತು. ಹುಡುಗನಿಗೆ ಅಳತೆ ಗೊತ್ತಾಗಿಲ್ಲ, ಅಂಗಡಿಯವನು ಮೋಸ ಮಾಡಿದ್ದಾನೆ ಎಂದುಕೊಂಡೆ. ಅವನು ಸ್ನಾನಕ್ಕೆ ಹೋದಾಗ ಎರಡೂ ಕಾಲು ಬಿಚ್ಚಿ, ಒಳಗೆ ಹಿಡಿದು, ಅಳತೆಗೆ ಸರಿಯಾಗಿ ಹೊಲಿದು, ಇಸ್ತ್ರಿ ಮಾಡಿ ಗೆರೆ ಮೂಡಿಸಿ ಇಟ್ಟೆ. ಅಂಥ ಕೆಲಸಕ್ಕೆ ಅಂಗಡಿಯಲ್ಲಿ ಜನ ಎರಡು ದಿನ ಕಾಯುತ್ತಿದ್ದರು. ಬಸು ಅದನ್ನು ಹಾಕಿಕೊಂಡು ಕನ್ನಡಿಯ ಮುಂದೆ ನಿಂತವನು ಅತ್ತುಬಿಟ್ಟ. ಆಗಿನ ಹುಡುಗರಿಗೆ ಪ್ಯಾಂಟು ಬೀಳುವಂತಿರಬೇಕು, ಆದರೆ ಬೀಳಬಾರದು. ಅಂಗಿ ಮೊಣಕಾಲಿಗೆ ಬರಬೇಕು. ನಾನು ತಿರುಗಿ ಬಿಚ್ಚಿಕೊಟ್ಟೆ. ಆದರೆ ಗೆರೆ ಹೋಗಲಿಲ್ಲ. ನನ್ನ ಇಸ್ತ್ರಿ ಅಷ್ಟು ಗಟ್ಟಿ.

ಬಾಸ್ಕೆಟ್‌ಬಾಲ್ ಮೇಲೆ ನನಗೆ ಇಂಥ ತಕರಾರು ಇರಲಿಲ್ಲ. ಇಂಗ್ಲಿಷ್ ಬಾರದವಳಿಗೆ ಟಿವಿಯಲ್ಲಿ ಅರ್ಥವಾಗುತ್ತಿದ್ದ ಒಂದೇ ಕಾರ್ಯಕ್ರಮ ಅದು. ಚೆಂಡು ಬುಟ್ಟಿಯೊಳಗೆ ಬಿದ್ದರೆ ಬಿತ್ತು, ಇಲ್ಲದಿದ್ದರೆ ಇಲ್ಲ. ವಾದವಿಲ್ಲ. ನಮ್ಮ ಮನೆಯವರು ಕೆಲಸದಿಂದ ಬಂದು ಕೈ ತೊಳೆದು ಕೂತರೆ ನಾನು, ಅವರು, ಬಸು ಮೂವರಿಗೂ ಒಂದೇ ಸೋಫಾ. ಆಟಗಾರರ ಹೆಸರು ನನ್ನ ನಾಲಿಗೆಗೆ ಹೊರಳುತ್ತಿರಲಿಲ್ಲ, ಅದಕ್ಕೆ ನಾನೇ ಹೆಸರಿಟ್ಟೆ. ಒಬ್ಬ ‘ಬಾಗಿಲು’, ಅವನು ನಿಂತರೆ ಹಿಂದಿನವರಿಗೆ ದಾರಿಯಿಲ್ಲ. ಒಬ್ಬ ‘ಮೇಷ್ಟ್ರು’, ತಾನು ಹಾಕುವುದಕ್ಕಿಂತ ಬೆರಳು ತೋರಿಸಿ ಉಳಿದವರಿಂದ ಹಾಕಿಸುವುದೇ ಹೆಚ್ಚು. ಇನ್ನೊಬ್ಬ ‘ಅಳಿಯ’. ಯಾರಾದರೂ ಮುಟ್ಟಿದರೆ ಸಾಕು, ಬಿದ್ದು, ಬಂದು ಎಬ್ಬಿಸಲಿ ಎಂದು ಕಾಯುತ್ತಾ ಮಲಗಿರುತ್ತಿದ್ದ. ಈ ಹೆಸರುಗಳು ಮನೆಯಲ್ಲಿ ಎಷ್ಟು ಬಳಕೆಗೆ ಬಂದವೆಂದರೆ, ಒಮ್ಮೆ ನಮ್ಮ ಮನೆಯವರು ಫೋನಿನಲ್ಲಿ ಡೈಮಂಡ್ ಬಾರ್ ಎಂಬ ಊರಿನ ಪರಿಚಯದವರಿಗೆ “ಅಳಿಯಗ ಮೊಣಕಾಲು ನೋವು, ಈ ವಾರ ಕಷ್ಟ ಐತ್ರಿ” ಎಂದುಬಿಟ್ಟರು. ಅವರು ಪಾಪ ಗಾಬರಿಯಾಗಿ, ನಿಮಗೆ ಮಗಳಿರುವ ಸಂಗತಿಯೇ ನಮಗೆ ಗೊತ್ತಿರಲಿಲ್ಲವಲ್ಲ ಎಂದರು.

ಅಂಗಿಗಳು ಒಂದೊಂದಾಗಿ ಬಂದದ್ದು ಆಗಲೇ. ಹುಟ್ಟುಹಬ್ಬಕ್ಕೊಂದು, ಪರೀಕ್ಷೆ ಪಾಸಾದದ್ದಕ್ಕೊಂದು. ಒಂದನ್ನು ನಮ್ಮ ಮನೆಯವರೇ ಭಾನುವಾರದ ಸಂತೆಯಿಂದ ತಂದರು. ಅದರ ಬಣ್ಣದ ಅಂಗಿಯನ್ನು ಯಾವ ತಂಡವೂ ಎಂದೂ ಹಾಕಿಲ್ಲವಂತೆ. ಬಸು ತಂದೆಯ ಮುಂದೆ ಒಂದು ಸಲ ಹಾಕಿಕೊಂಡು, ಥ್ಯಾಂಕ್ಸ್ ಹೇಳಿ, ಬಚ್ಚಿಟ್ಟ.

ಇನ್ನು ಹಾಡು. ಹಾಡು ಎನ್ನಬೇಕೋ ತಾಳ ಹಿಡಿದು ಮಾಡುವ ಜಗಳ ಎನ್ನಬೇಕೋ ನನಗೆ ತಿಳಿದಿಲ್ಲ, ಹಿಪ್ ಹಾಪ್ ಎನ್ನುತ್ತಾರೆ. ನಮ್ಮ ಗರಾಜಿನಲ್ಲಿ ಮೂವರು ಹುಡುಗರು ಸೇರುತ್ತಿದ್ದರು. ಬಸು, ಹೆಕ್ಟರ್, ವೆಂಡೆಲ್. ಹೆಕ್ಟರನ ತಂದೆತಾಯಿ ಮೆಕ್ಸಿಕೋದಿಂದ ಬಂದವರು, ವೆಂಡೆಲ್ ಎದುರು ಬೀದಿಯ ಕಪ್ಪು ಹುಡುಗ. ಇಬ್ಬರೂ ಬಸುವನ್ನು ನೋಡಿ ನನ್ನನ್ನು “ಅವ್ವಾ” ಎಂದೇ ಕರೆಯುತ್ತಿದ್ದರು. ಆಗ ಈ ಊರಿನಲ್ಲಿ ಬಂದೂಕು, ಬಂಗಾರದ ಸರ, ಪೊಲೀಸರ ಹಾಡುಗಳೇ ಜೋರು. ನಮ್ಮವರದು ಅದಲ್ಲ, ಬೇರೆ ದಾರಿಯದು ಎಂದು ಬಸು ಹೇಳುತ್ತಿದ್ದ. ಇವರು ಹಾಡುತ್ತಿದ್ದದ್ದು ಬಸ್ಸು ತಪ್ಪಿದ್ದರ ಬಗ್ಗೆ, ಊಟದ ಡಬ್ಬಿಯ ಬಗ್ಗೆ, ಮೀಸೆ ಬಾರದೆ ಇರುವುದರ ಬಗ್ಗೆ. ಹೆಕ್ಟರನ ಮಾವನ ಹಳೆಯ ರೆಕಾರ್ಡುಗಳಿಂದ ಒಂದು ಚೂರು ತಂತಿ ವಾದ್ಯ, ಒಂದು ಚೂರು ತುತ್ತೂರಿ ತೆಗೆದು, ಅದನ್ನೇ ಮತ್ತೆ ಮತ್ತೆ ತಿರುಗಿಸಿ, ಮೇಲೆ ಮಾತು ಕೂರಿಸುವುದು.

“ಮಂದಿ ಹಾಡು ಕತ್ತರಿಸಿ ಜೋಡಿಸಿದ್ರ ಅದರಾಗ ನಿಂದೇನೈತಿ?” ಎಂದು ಒಮ್ಮೆ ಕೇಳಿದ್ದೆ.

“ಜೋಡಿಸಿದ್ದು ನಂದು ಅವ್ವಾ,” ಎಂದಿದ್ದ.

ಅದು ನನಗೆ ಒಪ್ಪಿಗೆಯಾಯಿತು. ಹೊಲಿಯುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ತಂಡವೆಂದ ಮೇಲೆ ಸಮವಸ್ತ್ರ ಬೇಕಲ್ಲ. ಮೂರು ಕಪ್ಪು ಟೀ ಶರ್ಟಿನ ಮೇಲೆ ಬಿಳಿಯ ಬಣ್ಣದಲ್ಲಿ ತಾವೇ ಒಂದು ಚಿತ್ರ ಒತ್ತಿಕೊಂಡರು. ಗುಂಡಗೆ ಇತ್ತು, ಮೇಲೆ ಹೊಗೆ ಬರುತ್ತಿತ್ತು. ರೈಲು ಇಂಜಿನ್ ಇರಬೇಕೆಂದುಕೊಂಡೆ. ಕಾಲೇಜು ಮುಗಿದ ಮೇಲೆ ಮೂವರೂ ಮೂರು ಕಡೆಯಾದರು. ಬಸು ಕಂಪ್ಯೂಟರಿನವನಾಗಿ ಕಲ್ವರ್ ಸಿಟಿಯ ಆಫೀಸಿಗೆ ಹೋದ, ಹೆಕ್ಟರ್ ಸ್ಯಾನ್ ಡಿಯೇಗೊದಲ್ಲಿ ಗಣಿತದ ಮೇಷ್ಟ್ರಾದ, ವೆಂಡೆಲ್ ಸಿನಿಮಾಗಳಿಗೆ ಶಬ್ದ ಜೋಡಿಸುವ ಕೆಲಸ ಹಿಡಿದ. ನಮ್ಮ ಮನೆಯವರು ತೀರಿಕೊಂಡರು. ಅಂಗಿಗಳು ಡಬ್ಬ ಸೇರಿದವು.

ಕರೋನಾ ಬಂದಾಗ ಬಸು ಗರಾಜಿನ ಅರ್ಧವನ್ನು ಆಫೀಸು ಮಾಡಿಕೊಂಡ. ಉಳಿದವರು ಆಮೇಲೆ ಹೊರಗೆ ಬಂದರು, ಇವನು ಬರಲಿಲ್ಲ. ಕಿವಿಗೆ ಹೆಡ್‌ಫೋನ್, ಎದುರಿಗೆ ಪರದೆ. ಊಟಕ್ಕೆ ಕರೆದರೆ ಒಂದು ಬೆರಳು ಮೇಲೆತ್ತುತ್ತಾನೆ, ಅದರ ಅರ್ಥ ಒಂದು ನಿಮಿಷವೂ ಹೌದು, ಒಂದು ತಾಸೂ ಹೌದು. ಆ ದಿನಗಳಲ್ಲಿ ಹೊಸ ಆಟಗಳೆಲ್ಲ ನಿಂತು, ಟಿವಿಯಲ್ಲಿ ತೊಂಬತ್ತರ ದಶಕದ ಹಳೆಯ ಪಂದ್ಯಗಳನ್ನು ಹಾಕುತ್ತಿದ್ದರು. ಅವನ್ನು ನೋಡುವುದಕ್ಕೆ ಮಾತ್ರ ಎದ್ದು ಬಂದು ನನ್ನ ಪಕ್ಕ ಕೂರುತ್ತಿದ್ದ. ಯಾರು ಗೆಲ್ಲುತ್ತಾರೆಂದು ಗೊತ್ತಿರುವ ಆಟದ ಸುಖವೇ ಬೇರೆ. ಎದೆ ಹೊಡೆದುಕೊಳ್ಳುವುದಿಲ್ಲ, ಕಣ್ಣು ಮಾತ್ರ ಹಿಗ್ಗುತ್ತದೆ. ಬಾಗಿಲು, ಮೇಷ್ಟ್ರು, ಅಳಿಯ ಮೂವರೂ ಎಳೆಯರಾಗಿ ಹಾರುತ್ತಿದ್ದರು. ಅದೇ ಅಳಿಯ ಈಗ ಕೋಟು ಹಾಕಿಕೊಂಡು, ಹೊಟ್ಟೆ ಬಿಟ್ಟುಕೊಂಡು, ಮೇಜಿನ ಹಿಂದೆ ಕೂತು ಈಗಿನ ಹುಡುಗರು ಬೇಗ ಬೀಳುತ್ತಾರೆಂದು ಬೈಯುತ್ತಾನೆ. ಬಸು ನಗುತ್ತಿದ್ದ. ಪಂದ್ಯ ಮುಗಿದರೆ ತಿರುಗಿ ಗರಾಜು.

ನೀವು ಕೇಳಬಹುದು: ಇಷ್ಟೆಲ್ಲ ಗೊತ್ತಿದ್ದೂ ಹೇಗೆ ಕತ್ತರಿಸಿದೆ ಎಂದು. ಆಟದ ಮೇಲಿನ ಪ್ರೀತಿ ನನಗೆ ಗೊತ್ತಿತ್ತು. ಅಂಗಿಗೂ ಪ್ರೀತಿ ಇರುತ್ತದೆಂದು ಗೊತ್ತಿರಲಿಲ್ಲ. ಹತ್ತು ವರ್ಷದ ಅಂಗಿ ನೆಲ ಒರೆಸುವುದಕ್ಕೆ, ಮೂವತ್ತು ವರ್ಷದ್ದು ಪೂಜೆಗೆ. ನಡುವೆ ಯಾವ ದಿನ ಅದು ಬಡ್ತಿ ಪಡೆಯಿತೆಂದು ನನಗೆ ಯಾರೂ ಹೇಳಲಿಲ್ಲ.

ಎರಡು ತಿಂಗಳು ಹೊಲಿದೆ. ಆ ಆಟದ ಅಂಗಿಗಳ ಬಟ್ಟೆಯೆಂದರೆ ಬಟ್ಟೆಯೇ ಅಲ್ಲ, ತೂತುತೂತಾದ ನೈಲಾನ್ ಬಲೆ. ಸೂಜಿಯ ಕೆಳಗೆ ಮೀನಿನಂತೆ ಜಾರುತ್ತದೆ. ಒಳಗೆ ನನ್ನ ಹತ್ತಿಯ ಸೀರೆ ಹಾಸಿ ಹಿಡಿದು ನಿಲ್ಲಿಸಿದೆ. ಮೂರು, ಎರಡು, ನಾಲ್ಕು ಎಂಬ ಅಂಕಿಗಳೆಲ್ಲ ತುಂಡಾಗಿ ಅಲ್ಲೊಂದು ಇಲ್ಲೊಂದು ಕೂತವು. ಕಪ್ಪು ಟೀ ಶರ್ಟಿನ ರೈಲು ಇಂಜಿನ್ ಅರ್ಧ ಒಂದು ಮೂಲೆಗೆ ಹೋಯಿತು, ಇನ್ನರ್ಧ ಎದುರು ಮೂಲೆಗೆ. ಚಂದವಾಗಿ ಬಂದಿತ್ತು, ಸುಳ್ಳೇಕೆ ಹೇಳಲಿ. ಸೆಪ್ಟೆಂಬರಿನಲ್ಲಿ ಮೈತ್ರಿ ಅದನ್ನು ಹೊತ್ತುಕೊಂಡು ಹೋದಳು. ಅವಳ ಹಾಸ್ಟೆಲಿನ ಹುಡುಗಿಯರೆಲ್ಲ ಬಂದು ಮುಟ್ಟಿ ನೋಡಿ, ಎಲ್ಲಿ ಸಿಗುತ್ತದೆ ಎಂದು ಕೇಳಿದರಂತೆ. ಈಗಿನ ಮಕ್ಕಳು ಆ ಕಾಲದ ಚಿತ್ರಗಳಿರುವ ಹೊಸ ಅಂಗಿಗಳನ್ನು ಅಂಗಡಿಯವರೇ ಬಣ್ಣ ಮಾಸಿಸಿ, ಹರಿದು ಮಾರಾಟಕ್ಕೆ ಇಟ್ಟ ಮೇಲೆ ಕೊಳ್ಳುತ್ತಾರೆ. ಮಾಸುವ ಕೆಲಸಕ್ಕೂ ಕೂಲಿಯವರು ಇದ್ದಾರೆ.

ನವೆಂಬರಿನ ಒಂದು ಮುಂಜಾನೆ ಬಸು ಗರಾಜಿನಿಂದ ಕೂಗಿದ. “ಅವ್ವಾ, ಬಾಯ್ಲರ್ ಹಿಂದಿನ ಡಬ್ಬಿ ಎಲ್ಲೈತಿ?”

“ಡಬ್ಬಿ ರಿಸೈಕಲ್‌ಗೆ ಹಾಕೇನಿ.”

“ಅದರಾಗಿನ ಅಂಗಿ?”

“ಕತ್ತರಸೇನಿ. ಮೈತ್ರಿ ಕೌದಿ ಅವೇ.”

ಅವನು ಹೊರಗೆ ಬಂದು ನಿಂತ. ಕೌದಿಯನ್ನು ಅವನು ಸರಿಯಾಗಿ ನೋಡಿಯೇ ಇರಲಿಲ್ಲ. ಸುತ್ತಿ, ಚೀಲಕ್ಕೆ ಹಾಕಿ ಕಾರಿಗೆ ಇಟ್ಟದ್ದನ್ನು ಹೊತ್ತಿದ್ದ ಅಷ್ಟೆ. “ಕಪ್ಪಂದೂ?” ಎಂದು ಕೇಳಿದ.

“ಎಲ್ಲಾ.”

ಆಗ ತಿಳಿಯಿತು ಸಂಗತಿ. ಮುಂದಿನ ಭಾನುವಾರ ಹೆಕ್ಟರನ ಐವತ್ತನೆಯ ಹುಟ್ಟುಹಬ್ಬ. ಮೂವರೂ ಕೂಡಿ ಇಪ್ಪತ್ತೇಳು ವರ್ಷದ ಮೇಲೆ ತಮ್ಮ ಹಾಡನ್ನು ಹಾಡುವುದೆಂದು ಮಾತಾಗಿತ್ತು. ಹೆಕ್ಟರನ ಕಪ್ಪು ಅಂಗಿ ಹರಿದೇ ಹೋಗಿತ್ತು. ವೆಂಡೆಲ್‌ನದು ಮನೆ ಬದಲಿಸುವಾಗ ಕಳೆದಿತ್ತು. ನನ್ನದು ಇದೆ, ಹೊಸದರ ಹಾಗೆ ಇದೆ, ನಾನು ಹಾಕಿಕೊಂಡೇ ಬರುತ್ತೇನೆ ಎಂದು ಬಸು ತಿಂಗಳಿಂದ ಫೋನಿನಲ್ಲಿ ಮೆರೆದಿದ್ದ.

ನನ್ನ ಹತ್ತಿರ ಒಂದು ಒಳ್ಳೆಯ ವಾದವಿತ್ತು. ಹೂಡಿದೆ. “ನೀವೂ ಮಂದಿ ಹಾಡು ಕತ್ತರಿಸಿ ಜೋಡಿಸ್ತಿದ್ರಿ. ನಾನೂ ಜೋಡಿಸೇನಿ. ಜೋಡಿಸಿದ್ದು ನಂದು.”

ಅವನು ನಗುತ್ತಾನೆಂದುಕೊಂಡಿದ್ದೆ. ನಗಲಿಲ್ಲ. “ನಾ ಹೋಗಂಗಿಲ್ಲ,” ಎಂದು ಹೆಡ್‌ಫೋನ್ ಹಾಕಿಕೊಂಡ.

ನಾಲ್ಕು ದಿನ ನನ್ನೊಡನೆ ಮಾತಿಲ್ಲ. ಊಟ ಮಾಡಿದ, ತಾಟು ತೊಳೆದಿಟ್ಟ, ಮಾತಾಡಲಿಲ್ಲ. ಬೈದಿದ್ದರೆ ನಾನೂ ಬೈಯುತ್ತಿದ್ದೆ, ಕೆಲಸ ಮುಗಿಯುತ್ತಿತ್ತು. ಸುಜಾತಾ ನನ್ನ ಪಕ್ಕ ಬಂದು ಮೆಲ್ಲಗೆ, “ಅತ್ತೆ, ಸುಮ್ನೆ ಒಂದು ಸಾರಿ ಅಂದ್ಬಿಡಿ. ಏನ್ ಹೋಗುತ್ತೆ?” ಎಂದಳು. ಏನೂ ಹೋಗುವುದಿಲ್ಲ. ಬಾಯಿಗೆ ಬರುವುದಿಲ್ಲ ಅಷ್ಟೆ. ಹೆತ್ತವರು ಮಕ್ಕಳಿಗೆ ಹೇಳುವ ಮಾತುಗಳ ಪಟ್ಟಿಯಲ್ಲಿ ಅದನ್ನು ನಾನು ಎಂದೂ ಕೇಳಿರಲಿಲ್ಲ. ಅಂಗಿಯ ಚಿಂತೆ ನನಗೆ ಇರಲಿಲ್ಲ. ಐದು ವರ್ಷದಲ್ಲಿ ಮೊದಲ ಸಲ ಈ ಮನುಷ್ಯ ಪರದೆ ಬಿಟ್ಟು ಎಲ್ಲಿಗೋ ಹೋಗುತ್ತೇನೆಂದು ಕುಣಿಯುತ್ತಿದ್ದ. ಅದನ್ನೂ ಕತ್ತರಿಸಿದೆನೇ ಎಂಬ ಚಿಂತೆ ಇತ್ತು.

ಗುರುವಾರ ಹೆಕ್ಟರನಿಗೆ ನಾನೇ ಫೋನ್ ಮಾಡಿದೆ. ನನ್ನ ಇಂಗ್ಲಿಷ್ ಇಸ್ತ್ರಿ ಅಂಗಡಿಯದು, ಕಡಿಮೆ ದಾರದಲ್ಲಿ ಕೆಲಸ ಮುಗಿಸುವಂಥದ್ದು. “ಹೆಕ್ಟರ್. ಐ ಕಟ್ ದ ಶರ್ಟ್. ಐ ಮೇಕ್ ಬ್ಲ್ಯಾಂಕೆಟ್. ಬಸು ನಾಟ್ ಕಮಿಂಗ್.”

ಆ ಕಡೆ ಅವನು ನಕ್ಕ. ಎಷ್ಟು ಹೊತ್ತು ನಕ್ಕನೆಂದರೆ ನಾನು ಫೋನ್ ಪಕ್ಕಕ್ಕಿಟ್ಟು ಹಾಲು ಇಳಿಸಿ ಬಂದೆ. “ಅವ್ವಾ, ಬ್ರಿಂಗ್ ಹಿಮ್,” ಎಂದ. “ಆ್ಯಂಡ್ ಬ್ರಿಂಗ್ ದ ಬ್ಲ್ಯಾಂಕೆಟ್.”

ಭಾನುವಾರ ಬೆಳಗ್ಗೆ ಸೀರೆ ಉಟ್ಟು ಕಾರಿನ ಹಿಂದಿನ ಸೀಟಿನಲ್ಲಿ ಕೂತುಬಿಟ್ಟೆ. ನಾನೂ ಸುಜಾತಾನೂ ಹೋಗುತ್ತೇವೆ, ನೀನು ಮನೆಯಲ್ಲಿರು, ಸುಜಾತಾ ಡ್ರೈವ್ ಮಾಡುತ್ತಾಳೆ ಎಂದೆ. ಇದು ನಾನು ಯೋಚಿಸಿ ಆಡಿದ ಮಾತು. ಸುಜಾತಾ ಫ್ರೀವೇಯಲ್ಲಿ ಕಾರು ನಡೆಸಿದರೆ ಲಾರಿಯವರೂ ಹಾರ್ನ್ ಹೊಡೆಯುತ್ತಾರೆ. ಬಸು ಬಾಗಿಲಲ್ಲಿ ಎರಡು ನಿಮಿಷ ನಿಂತ. ಬಂದು ಕೀಲಿಕೈ ಕಿತ್ತುಕೊಂಡ. “ಬಿಟ್ಟು ಬರ್ತೇನಿ. ನಾ ಕಾರಾಗ ಕುಂದ್ರತೇನಿ,” ಎಂದ. ಇಸ್ತ್ರಿಯಿಲ್ಲದ ಆಫೀಸಿನ ಅಂಗಿ ಹಾಕಿಕೊಂಡಿದ್ದ.

ಮೈತ್ರಿ ಹಾಸ್ಟೆಲಿನ ಗೇಟಿನ ಬಳಿ ಕೌದಿಯನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದಳು. “ಡ್ಯಾಡ್, ಆರ್ ಯು ಸ್ಟಿಲ್ ಮ್ಯಾಡ್?” ಎನ್ನುತ್ತಾ ಅದನ್ನು ಕಾರಿನ ಬಾನೆಟ್ ಮೇಲೆಯೇ ಹಾಸಿದಳು. ಅವನು ಇಳಿದು ನೋಡಿದ. ಮೊದಲು ಕಣ್ಣಿನಿಂದ, ಆಮೇಲೆ ಬೆರಳಿನಿಂದ. “ಇದು ಯಾವ್ದು ಗೊತ್ತೇನ ನಿನಗ?” ಎಂದು ಮಗಳನ್ನು ಕೇಳಿದ. ಒಂದು ಅಂಕಿಯ ಬಾಲ ಅದು. ಅದು ಯಾರ ಅಂಗಿ, ಅವನು ಯಾವ ಪಂದ್ಯದಲ್ಲಿ ಜ್ವರ ಬಂದೂ ಆಡಿದ, ಕಡೆಯ ಕ್ಷಣದಲ್ಲಿ ಚೆಂಡು ಬಿಟ್ಟಾಗ ಅಜ್ಜ ಹೇಗೆ ಸೋಫಾದಿಂದ ಎದ್ದು ಚಹಾ ಚೆಲ್ಲಿದರು, ಎಲ್ಲ ಹೇಳಿದ. ಪಕ್ಕದ ತುಂಡಿಗೆ ಹೋದ. ಅದರದ್ದೂ ಹೇಳಿದ. ಯಾವ ತಂಡವೂ ಹಾಕದ ಬಣ್ಣದ ತುಂಡು ಬಂದಾಗ, “ಇದು ವರ್ಲ್ಡ್‌ನಲ್ಲಿ ಒಂದೇ ಐತಿ, ಅಜ್ಜ ತಂದದ್ದು,” ಎಂದ. ಡಬ್ಬದಲ್ಲಿ ಇದ್ದಷ್ಟು ವರ್ಷ ಈ ಅಂಗಿಗಳ ಬಗ್ಗೆ ಮಗಳಿಗೆ ಅವನು ಒಂದು ಮಾತೂ ಹೇಳಿರಲಿಲ್ಲ. ನಡುರಸ್ತೆಯಲ್ಲಿ ನಿಂತು ಅರ್ಧ ತಾಸು ಹೇಳಿದ. ಸುಜಾತಾ ಗಡಿಯಾರ ತೋರಿಸಿದಳು, ನಾನು ಅವಳ ಕೈ ಒತ್ತಿದೆ.

ಕಡೆಗೆ ಕಪ್ಪು ಮೂಲೆ ಬಂತು. ಅಲ್ಲಿಗೆ ಕೌದಿ ಮಡಚಿ ಮಗಳ ಕೈಗೆ ಕೊಟ್ಟ.

ಹೆಕ್ಟರನ ಮನೆಯ ಹಿತ್ತಿಲ ತುಂಬ ಜನ. ಮಾಂಸ ಸುಡುವ ಹೊಗೆ ಒಂದು ಕಡೆ. ನನಗೆಂದು ಆಚೆ ಬೇರೆಯ ಒಲೆಯ ಮೇಲೆ ಜೋಳದ ತೆನೆ, ಬೀನ್ಸು, ಅನ್ನ. ಹೆಕ್ಟರನ ತಲೆಯಲ್ಲಿ ಕೂದಲಿಲ್ಲ, ವೆಂಡೆಲ್‌ಗೆ ಗಡ್ಡವೆಲ್ಲ ಬೆಳ್ಳಗೆ. ಕಾರಿನಲ್ಲೇ ಕೂರುತ್ತೇನೆಂದವನನ್ನು ಇಬ್ಬರೂ ಬಂದು ಎರಡು ತೋಳು ಹಿಡಿದು ಎಳೆದುಕೊಂಡು ಹೋದರು. ಕೌದಿಯನ್ನು ಬಿಚ್ಚಿ ಬೆಳಕಿಗೆ ಹಿಡಿದು, ಇದು ನೋಡು, ಅದು ನೋಡು ಎಂದು ಮೂವರೂ ಹೆಂಗಸರು ಸೀರೆ ನೋಡುವಂತೆ ನೋಡಿದರು. ಆಮೇಲೆ ಹೆಕ್ಟರ್ ಅದನ್ನು ಬಸುವಿನ ಹೆಗಲಿಗೆ ಹೊದಿಸಿ, ಗಂಟಲಿನ ಹತ್ತಿರ ಪಿನ್ ಹಾಕಿದ. ಬಿಸಿಲಲ್ಲಿ ಅವನು ದೇವರ ಉತ್ಸವಮೂರ್ತಿಯಂತೆ ಬೆವರುತ್ತಾ ನಿಂತ.

ವೆಂಡೆಲ್ ಹಳೆಯ ಕ್ಯಾಸೆಟ್ಟನ್ನು ತೊಳೆದು ಶುದ್ಧ ಮಾಡಿ ಫೋನಿಗೆ ಹಾಕಿಕೊಂಡು ಬಂದಿದ್ದ. ಒತ್ತಿದ. ಮೊದಲು ಒಂದು ಸೀಟಿ ಬಂತು. ನನಗೆ ಎಲ್ಲೋ ಕೇಳಿದಂತಿತ್ತು. ಎರಡನೆಯ ಸೀಟಿ. ಮೂರನೆಯದು. ಬೇಳೆ ಬೆಂದಿತು ಎಂದುಕೊಂಡೆ, ಆಗ ಹೊಳೆಯಿತು, ಅದು ನನ್ನ ಕುಕ್ಕರು. ಸೀಟಿಯ ಹಿಂದೆಯೇ ಡೋಲು ಬಡಿತ, ಅದರ ಮೇಲೆ ಒಬ್ಬಳು ಸಿಟ್ಟಿನ ಹೆಂಗಸಿನ ದನಿ: “ಊಟಕ್ಕ ಬರ್ರೋ! ರೊಟ್ಟಿ ಆರಾಕತ್ತಾವ!” ಬಡಿತ. “ಊಟಕ್ಕ ಬರ್ರೋ!” ಬಡಿತ. “ರೊಟ್ಟಿ, ರೊಟ್ಟಿ, ರೊಟ್ಟಿ ಆರಾಕತ್ತಾವ!”

ಹಿತ್ತಿಲಿನಲ್ಲಿದ್ದ ಇಪ್ಪತ್ತು ಮೂವತ್ತು ಜನ ಒಟ್ಟಿಗೆ ಕೂಗಿದರು. ಹೆಕ್ಟರನ ಹೆಂಡತಿ, ಮಕ್ಕಳು, ನೆರೆಮನೆಯವರು, ಎಲ್ಲ. ಒಬ್ಬರಿಗೂ ಕನ್ನಡ ಬರುವುದಿಲ್ಲ. ಒಬ್ಬರೂ ತಪ್ಪಲಿಲ್ಲ. ಹೆಕ್ಟರನ ಮಗಳು ನನ್ನ ಕಿವಿಯಲ್ಲಿ ಕೂಗಿ ಹೇಳಿದಳು, ಅವರ ಮನೆಯಲ್ಲಿ ಅವಳು ಹುಟ್ಟಿದಾಗಿನಿಂದ ಊಟಕ್ಕೆ ಕರೆಯುವುದೇ ಹೀಗಂತೆ. ಅರ್ಥ ಗೊತ್ತೇ ಎಂದೆ. “ಊಟ ರೆಡಿ, ಅಮ್ಮ ಸಿಟ್ಟಾಗಿದ್ದಾಳೆ,” ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಇಷ್ಟು ಸರಿಯಾದ ಅನುವಾದ ನಾನು ಬೇರೆ ಕೇಳಿಲ್ಲ.

ಮೂವರು ಹಾಡಿದರು. ಹೆಕ್ಟರ್ ಎರಡನೆಯ ಸಾಲಿಗೇ ಮರೆತ. ವೆಂಡೆಲ್‌ಗೆ ದಮ್ಮು ಸಾಲಲಿಲ್ಲ. ಬಸುವಿಗೆ ಮಾತ್ರ ಒಂದಕ್ಷರವೂ ಮರೆತಿರಲಿಲ್ಲ. ಕೌದಿ ಹೊದ್ದು, ಕೈ ಬೀಸಿ, ಊಟದ ಡಬ್ಬಿ ತೆರೆದಾಗ ಇಡೀ ತರಗತಿ ತಿರುಗಿ ನೋಡಿದ ಕಥೆಯನ್ನು ಅವನು ಎಷ್ಟು ಬೇಗ ಹೇಳಿದನೆಂದರೆ ನನಗೆ ಹತ್ತರಲ್ಲಿ ಎರಡು ಮಾತು ತಿಳಿಯಿತು. ಎರಡು ಸಾಕಾಯಿತು. ನನಗೆ ಕಣ್ಣೀರು ಬಂತೆಂದು ಮೈತ್ರಿ ಹೇಳುತ್ತಾಳೆ. ಬರಲಿಲ್ಲ. ನಗು ಬಂತು, ಅದೂ ಹೊಟ್ಟೆ ಹಿಡಿದುಕೊಳ್ಳುವಷ್ಟು. ಆ ಕಪ್ಪು ಅಂಗಿಯ ಮೇಲಿದ್ದದ್ದು ರೈಲು ಇಂಜಿನ್ ಅಲ್ಲ, ನನ್ನ ಕುಕ್ಕರೆಂದು ಆಗ ತಿಳಿಯಿತು. ಐವತ್ತರ ಗಂಡಸರು ಮೂವರೂ ನೀರು ಕುಡಿದು, ಹೆಕ್ಟರನ ಗರಾಜಿನ ಮೇಲಿನ ಬುಟ್ಟಿಗೆ ಚೆಂಡು ಹಾಕಲು ಹೋಗಿ, ಅರ್ಧ ತಾಸಿನಲ್ಲಿ ನಾಲ್ಕು ಸಲ ಹಾಕಿದರು. ಮೇಷ್ಟ್ರು ಇದ್ದಿದ್ದರೆ ನಾಚಿಕೊಳ್ಳುತ್ತಿದ್ದ.

ಬಿಸಿಲು ಇಳಿಯುವ ಮೊದಲೇ ಹೊರಟೆವು. ಮೈತ್ರಿ ತನ್ನ ಕೌದಿ ತೆಗೆದುಕೊಂಡು ಹಾಸ್ಟೆಲಿನ ಹತ್ತಿರ ಇಳಿದಳು. ಮೂಗಿನ ಹತ್ತಿರ ಹಿಡಿದು, ಹೊಗೆ ವಾಸನೆ ಎಂದಳು, ಒಗೆಯುವುದಿಲ್ಲ ಎಂದೂ ಅಂದಳು. ಕಾರಿನಲ್ಲಿ ಬಸು ಬೆರಳಿನಿಂದ ಸ್ಟೀರಿಂಗ್ ಬಡಿಯುತ್ತಿದ್ದ. ಈಗ ನನ್ನ ಸರದಿ.

“ನನ್ನ ದನಿ ಕತ್ತರಿಸಿ ಹಾಡಿಗೆ ಹಾಕೀರಿ. ನನ್ನನ್ನ ಕೇಳಿದ್ರೇನು?”

ಅವನು ಕನ್ನಡಿಯಲ್ಲಿ ನನ್ನನ್ನು ನೋಡಿದ. “ಕೇಳಿದ್ರ ಬ್ಯಾಡ ಅಂತಿದ್ದಿ.”

“ಅಂತಿದ್ದೆ.”

“ನೀ ಕೇಳಿದ್ರ ನಾನೂ ಬ್ಯಾಡ ಅಂತಿದ್ದೆ.”

ಸುಜಾತಾ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ನಗುತ್ತಿದ್ದಳು. ನಾನು ಯೋಚಿಸಿದೆ. ಕೇಳಿದ್ದರೆ ಹಾಡೂ ಇರುತ್ತಿರಲಿಲ್ಲ, ಕೌದಿಯೂ ಇರುತ್ತಿರಲಿಲ್ಲ. ಆದರೂ ಕೇಳದೆ ಇದ್ದದ್ದು ಸರಿಯಾಗುವುದಿಲ್ಲ. ಎರಡೂ ನಿಜ. ಎರಡು ನಿಜ ಒಂದಕ್ಕೊಂದು ಹೊಂದದಿದ್ದರೆ ಏನು ಮಾಡಬೇಕೆಂದು ಇಯತ್ತೆ ನಾಲ್ಕರವರೆಗೆ ಹೇಳಿಕೊಟ್ಟಿರಲಿಲ್ಲ. ಮುಂದೆ ಹೇಳಿಕೊಡುತ್ತಾರೋ ಏನೋ.

ಮರುದಿನ ಬೆಳಗ್ಗೆ ಒಗೆಯುವ ಬಟ್ಟೆಯಲ್ಲಿ ಬಸುವಿನ ಹಳೆಯ ನೀಲಿ ಅಂಗಿಯೊಂದು ಸಿಕ್ಕಿತು. ಕಾಲರು ಪೂರ್ತಿ ಹರಿದು ಹಿಂದಕ್ಕೆ ಜೋತುಬಿದ್ದಿತ್ತು. ಒಂದು ತೋಳಿನಲ್ಲಿ ಗುಂಡಿ ಇರಲಿಲ್ಲ. ಅದನ್ನು ತೆಗೆದುಕೊಂಡು ಗರಾಜಿಗೆ ಹೋಗಿ ಅವನ ಮೇಜಿನ ಪಕ್ಕ ನಿಂತೆ. ಪರದೆಯ ಮೇಲೆ ಆರು ಜನ ಮಾತಾಡುತ್ತಿದ್ದರು. ಅವನು ಒಂದು ಬೆರಳು ಎತ್ತಿದ. ನಾನು ಹೋಗಲಿಲ್ಲ. ಅವನು ಹೆಡ್‌ಫೋನ್ ತೆಗೆದ.

“ಏನವ್ವಾ?”

“ಈ ಅಂಗಿ ಕತ್ತರಿಸಲೇನು?”

ಅಂಗಿಯನ್ನು ನೋಡಿದ. ನನ್ನನ್ನು ನೋಡಿದ. ಪರದೆಯ ಆರು ಜನರೂ ನೋಡಿದರು.

“ಬ್ಯಾಡ ಅವ್ವಾ,” ಎಂದ. “ಇರಲಿ.”

“ಕಾಲರ್ ಇಲ್ಲ ಇದಕ್ಕ.”

“ಇರಲಿ.”

ಒಗೆದು, ಒಣಗಿಸಿ, ತೋಳಿಗೆ ಗುಂಡಿ ಹಚ್ಚಿ, ಇಸ್ತ್ರಿ ಮಾಡಿ, ಅವನ ಕಪಾಟಿನಲ್ಲಿ ನೇತುಹಾಕಿ ಬಂದೆ.